ಗ್ವಾಡಿಗಿ ಮುಖ ಮಾಡಿ ಉಂಡವರು

ಅಕ್ಕಲಕೋಟದ ಅನ್ನಛತ್ರದಾಗ ಉಣ್ಣಾಕ ಕುಂತ ನನ್ನ ಮೊಮ್ಮಗಳ ರಟ್ಟಿ ಹಿಡದು ಪಂಗತಿಯೊಳಗಿಂದ ಎಬ್ಬಿಸಿ ಎಳಕೊಂಡು ಬಂದಾಕಿ ನಾನು. ಅಕಿ ಕೈಯಾಗ ಇನ್ನೂ ಅನ್ನ ಇತ್ತು. ಇದನ್ನ ಮೊದಲಿಗೇ ಹೇಳಿಬಿಡ್ತೀನಿ. ಕಡೀಕ ಹೇಳೂಣು ಅಂತ ಇಟ್ಕೊಂಡ್ರ ನಡುವ ಏನಾರ ನೆವ ಹುಡುಕೇನು. ನನ್ನ ಮ್ಯಾಲ ನನಗ ಅಷ್ಟು ಭರೋಸಾ ಇಲ್ಲ.

ನಾನು ಅಕ್ಕಲಕೋಟದ ಹಂತ್ಯಾಕಿನ ಹಳ್ಳಿ ಕುರನೂರದ ಸೊಸಿ. ನಾಕನೇತ್ತಾ ತನಕ ಕನ್ನಡ ಸಾಲಿ ಕಲ್ತಾಕಿ, ಅಷ್ಟರಾಗ ಲಗ್ನ ಮಾಡಿದ್ರು. ಗಂಡ ಸತ್ತ ಮ್ಯಾಲ ಹೊಲ ಮೈದುನರ ಕೈಗಿ ಹೋತು, ನಾನು ಮಗನ ಬೆನ್ನ ಹತ್ತಿ ಸೋಲಾಪುರಕ್ಕ ಬಂದೆ. ಮಗ ಟಾವೆಲ್ ನೇಯೂ ಕಾರಖಾನ್ಯಾಗ ಕೆಲಸಕ್ಕಿದ್ದ. ಸೊಸಿ ಜ್ವರ ಬಂದು ಹೋದ್ಲು. ಅದಾಗಿ ವರ್ಷ ತುಂಬೂದ್ರಾಗ ಮಗ ಭಿವಂಡಿಗಿ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಐದು ವರ್ಷದ ಹುಡುಗಿ ನನ್ನ ಹಂತ್ಯಾಕ ಉಳೀತು. ಈಗ ಅಕಿಗಿ ಇಪ್ಪತ್ತೆರಡು. ನನ್ನ ಆಯಿ ಅಂತಾಳ. ಮರಾಠಿ ಸಾಲ್ಯಾಗ ಕಲ್ತಾಕಿ, ಕನ್ನಡ ಮಾತಾಡ್ತಾಳ ಖರೆ, ಒಂದಕ್ಷರ ಓದಾಕ ಬರಂಗಿಲ್ಲ. ನಾ ಇಲ್ಲಿ ಬರದದ್ದು ಅಕಿ ಕಣ್ಣಿಗಿ ಇರಿವಿ ಸಾಲು ಇದ್ದಂಗ.

ನಾವಿರೂದು ಬಂದ್ ಬಿದ್ದ ಬಟ್ಟಿ ಗಿರಣಿ ಹಿಂದಿನ ಝೋಪಡಪಟ್ಟಿ. ಒಂದs ಖೋಲಿ, ಮ್ಯಾಲ ತಗಡಿನ ಪತ್ರಾ. ಬಾಗಲಾ ತಗದ್ರ ಎದುರಿನವರ ಬಾಗಲಾ, ನಡುವ ಗಟಾರ. ಅವರ ಮನ್ಯಾಗ ಒಗ್ಗರಣಿ ಹಾಕಿದ್ರ ನಮಗ ಸೀನು ಬರ್ತದ. ಇಷ್ಟು ಮಂದ್ಯಾಗ ಒಂದು ಹುಡುಗಿ ಒಂಟಿ ಹ್ಯಾಂಗ ಆಗ್ತದ ಅಂತ ಯಾರಾರ ಕೇಳಿದ್ರ ನಾ ನಗತಿದ್ದೆ. ಒಂಟಿತನ ಅಂಬೂದು ಬಂಗ್ಲೇದವರಿಗಿ ಬರೂ ರೋಗ ಅಂತ ತಿಳಕೊಂಡಿದ್ದೆ.

ಕುರನೂರದ ಮನ್ಯಾಗ ಒಂದು ರೀತಿ ಇತ್ತು. ಗಂಡಸರ ಊಟ ಮುಗದ ಮ್ಯಾಲ ಸೊಸಿಯಂದಿರು ಅಡಗಿಮನ್ಯಾಗ ಗ್ವಾಡಿಗಿ ಮುಖ ಮಾಡಿ ಕುಂತು ಉಣ್ಣಬೇಕು. ಮಾತಾಡಬಾರದು. ಅತ್ತಿ ಬಾಗಲದಾಗ ಕುಂತು ನಮ್ಮ ಬೆನ್ನ ನೋಡತಿದ್ಲು. ಯಾಕ ಹಿಂಗ ಅಂತ ನಾ ಕೇಳಲಿಲ್ಲ, ಅಕಿನೂ ಹೇಳಲಿಲ್ಲ. ಹೆಣ್ಣು ಬಾಯಿ ಆಡಸೂದು ಯಾರಿಗೂ ಕಾಣಬಾರದು ಅಂತ ಇರಬೇಕು. ಎಷ್ಟೋ ವರ್ಷ ಹಂಗ ಉಂಡೆ. ನನ್ನ ಮುಂದಿನ ಗ್ವಾಡಿಯೊಳಗ ಒಂದು ಬಿರುಕು ಇತ್ತು, ಅದರಾಗಿಂದ ಇರಿವಿ ಬರ್ತಿದ್ದು. ನನ್ನ ಊಟದ ಜೋಡಿ ಅವs.

ಸೋಲಾಪುರದ ಖೋಲಿಯೊಳಗ ಮಾವ ಇಲ್ಲ, ಮೈದುನ ಇಲ್ಲ, ಗಂಡಸು ಅಂಬೂದು ಇಲ್ಲ. ಆದ್ರೂ ನಾನು ಬಡಗಣ ಗ್ವಾಡಿಗಿ ಮುಖ ಮಾಡಿ ಉಣ್ಣಾಕಿ, ಮೊಮ್ಮಗಳನ್ನ ತೆಂಕಣ ಗ್ವಾಡಿಗಿ ಕೂಡಸಾಕಿ. ಇಬ್ಬರ ಬೆನ್ನಿಗಿ ಬೆನ್ನು. ಸಣ್ಣಾಕಿದ್ದಾಗ ತಾಟು ಹಿಡಕೊಂಡು ನನ್ನ ಕಡೆ ತಿರಗತಿದ್ಲು. ಸಾಲ್ಯಾಗ ಕಲಸೂ ಬಾಯಾರು ಏನಂದ್ರು, ಯಾವ ಹುಡುಗಿ ಬಿದ್ಲು, ಇಂಥಾದ್ದೇನಾರ ಹೇಳಾಕ. ನಾ ಭುಜ ಹಿಡದು ಹೊಳ್ಳಿ ಗ್ವಾಡಿಗಿ ತಿರುಗಿಸಿ, "ಉಣ್ಣೂ ಹೊತ್ತಿನ್ಯಾಗ ಗಪ್ಪ," ಅಂತಿದ್ದೆ. ಭಾಳ ಸಲ ತಿರಗಸೂದು ಬೀಳಲಿಲ್ಲ. ತಾನs ಬಿಟ್ಲು. ಹುಡುಗಿ ಶಾಣ್ಯಾ ಆತು ಅಂದೆ.

ದೊಡ್ಡಾಕಿ ಆಗಿ ಸಾಲಿ ಯುನಿಫಾರ್ಮ್ ಹೊಲಿಯೂ ಕಾರಖಾನಿಗಿ ಹೋಗಾಕ ಹತ್ತಿದ್ಲು. ಅಂಗಿ ಕಿಸೆ ಹಚ್ಚೂದು ಅಕಿ ಕೆಲಸ. ದಿನಾ ಕಿಸೇನ ಕಿಸೆ. ಅಲ್ಲಿ ಹೆಣ್ಮಕ್ಕಳೆಲ್ಲ ತೆಲುಗು ಮಾತಾಡವರು. ಮೊದಲನೇ ದಿನ ಡಬ್ಬಿ ಕಟ್ಟಿ ಕೊಟ್ಟು ನಾ ಹೇಳಿದ್ದು ಒಂದs: "ಯಾರ ಡಬ್ಬ್ಯಾಗೂ ಕೈ ಹಾಕಬ್ಯಾಡ, ನಿನ್ನ ಡಬ್ಬ್ಯಾಗ ಯಾರ ಕೈನೂ ಬೀಳಬಾರದು. ಅವರು ಎಲ್ಲಾ ತಿನ್ನೂ ಮಂದಿ." ಹೂಂ ಅಂದ್ಲು. ಅಕಿ ಯಾವಾಗ್ಲೂ ಹೂಂ ಅನ್ನಾಕೀನ.

ಕೆಲಸದಿಂದ ಬಂದು, ಗ್ವಾಡಿಗಿ ಮೊಬೈಲ್ ಆನಿಸಿ ಇಟ್ಟು, ಅದರ ಮುಂದ ತಾಟು ಹಾಕ್ಕೊಂಡು ಉಣ್ಣಾಕ ಹತ್ತಿದ್ಲು. ಒಂದಿನ ಬಗ್ಗಿ ನೋಡಿದ್ರ ಅದರಾಗ ಯಾವದೋ ದೇಶದ ಹೆಣ್ಮಗಳು ಒಬ್ಬಾಕೀನ ಕುಂತು ಬುಟ್ಟಿಗಟ್ಲೆ ತಿನ್ನಾಕತ್ತಿದ್ಲು, ನಡುನಡುವ ಈ ಕಡೆ ನೋಡಿ ನಗತಿದ್ಲು.

"ಏನ ಬೇ ಇದು? ಮಂದಿ ಉಣ್ಣೂದು ಏನ್ ನೋಡ್ತಿ? ನಿನಗ ತಾಟಿನ್ಯಾಗ ಇಲ್ಲೇನು?"

"ಸುಮ್ಮ ಹಚ್ಚೀನಿ ಆಯಿ. ಜೋಡಿಗಿ ಇರಲಿ ಅಂತ."

ಜೋಡಿಗಿ ಅಂದ್ಲು. ನಾ ಅಲ್ಲೇ ಅಕಿ ಬೆನ್ನಿಗಿ ಒಂದು ಮೊಳ ದೂರ ಕುಂತಿದ್ದೆ. ಆ ಮಾತು ಕಿವಿಗಿ ಬಿತ್ತು, ತಲಿಗಿ ಹೋಗಲಿಲ್ಲ. ಮೊಬೈಲ್ ಕಸಗೊಂಡು ಕಪಾಟಿನ್ಯಾಗ ಇಟ್ಟು, ಇನ್ನ ದಿನಾ ಊಟ ಆದ ಮ್ಯಾಲ ಕೊಡ್ತೀನಿ ಅಂದೆ. ಹೂಂ ಅಂದ್ಲು.

ಅದಾದ ಮ್ಯಾಲ ಅಕಿ ಗುರುವಾರಕ್ಕೊಮ್ಮೆ ಅಕ್ಕಲಕೋಟಕ್ಕ ಹೋಗಾಕ ಹತ್ತಿದ್ಲು. ಕಾರಖಾನಿಗಿ ಅವತ್ತು ವಾರದ ಸುಟ್ಟಿ. ಅಲ್ಲೀ ಗುಡಿ ಸ್ವಾಮಿ ದರ್ಶನಕ್ಕ ಹೋಗ್ತೀನಿ ಅಂದ್ಲು, ಹೋಗು ಅಂದೆ. ಬಸ್ಸಿನ್ಯಾಗ ಹೆಣ್ಮಕ್ಕಳಿಗಿ ಅರ್ಧಾ ತಿಕೀಟು, ತಾಸಿನ ಹಾದಿ. ಹೊಂಟಾಗ ತಲಿ ಬಾಚ್ಕೊಂಡು, ಇದ್ದೊಂದು ಛಲೋ ಡ್ರೆಸ್ ಹಾಕ್ಕೊಂಡು, ಪೌಡರ್ ಹಚ್ಕೊಂಡು ಹೋಗ್ತಿದ್ಲು. ಬರೂವಾಗ ಮುಖ ಒಂದ್ ನಮೂನಿ ಅರಳಿರ್ತಿತ್ತು. ದೇವರನ್ನ ನೋಡಿದ್ದಕ್ಕ ಮುಖ ಹಂಗ ಅರಳೂದು ನಾ ನನ್ನ ಜನ್ಮದಾಗ ನೋಡಿಲ್ಲ.

ನಮ್ಮ ಎದುರುಮನ್ಯಾಕಿ ಬೀಡಿ ಕಟ್ತಾಳ. ಬಾಗಲದಾಗ ಕುಂತು ಎಲಿ ಕತ್ತರಸಿಕೋತ ಎಲ್ಲಾರ ಹೋಗೂದು ಬರೂದು ನೋಡ್ತಾಳ. ಒಂದಿನ ಗಟಾರದ ಆಚಿಕಡೆಯಿಂದ ಒದರಿದ್ಲು:

"ಆಯೀ, ನಿಮ್ಮ ಹುಡುಗಿ ಗುರುವಾರ ಪೌಡರ್ ಹಚ್ಕೊಂಡು ಹೋಗ್ತದಲ್ರಿ, ಸ್ವಾಮೀನ ನೋಡಾಕೋ, ಸ್ವಾಮಿ ಭಕ್ತನ್ನ ನೋಡಾಕೋ?"

"ನಿನ್ನ ಬೀಡಿ ನೀ ಕಟ್ಟು," ಅಂದೆ. ಆದ್ರ ಹುಳ ಒಳಗ ಹೊಕ್ಕಿತು. ಮುಂದಿನ ಗುರುವಾರ ಅಕಿ ಹೋದ ಬಸ್ಸಿನ ಹಿಂದಿನ ಬಸ್ಸು ಹಿಡದೆ. ನನಗ ಎಪ್ಪತ್ತೈದು ದಾಟ್ಯಾವ, ಬಸ್ಸು ಫುಕಟ್. ಯಾವ ಹುಡುಗನ ಸಂಗಾಟ ಕುಂತಿದ್ರೂ ಇಬ್ಬರನ್ನೂ ಕಾಲಮರಿ ತಗೊಂಡು ಬಡೀಬೇಕು ಅಂತ ಹಾದಿ ತುಂಬ ಅದನ್ನs ನೆನಸಿಕೋತ ಹೋದೆ.

ಗುಡಿಯೊಳಗ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ಇರಲಿಲ್ಲ. ಕಡೀಕ ಅನ್ನಛತ್ರದ ಬಾಗಲದಾಗ ನಿಂತು ಒಳಗ ನೋಡಿದೆ. ಮಂದಿ ಪಂಗತಿ ಹಿಡದು ಕುಂತಿದ್ರು, ಒಂದು ಪಂಗತಿಗಿ ಇನ್ನೊಂದು ಎದುರು, ನಡುವ ನೀಡವರು ಬಕೀಟು ಹಿಡಕೊಂಡು ಓಡ್ಯಾಡತಿದ್ರು. ಎರಡನೇ ಪಂಗತಿಯೊಳಗ ನಮ್ಮ ಹುಡುಗಿ. ಒಂದು ಬಾಜೂ ಒಬ್ಬಾಕಿ ದಪ್ಪನ್ನ ಹೆಣ್ಮಗಳು, ಇನ್ನೊಂದು ಬಾಜೂ ಆ ಹೆಣ್ಮಗಳ ಸಣ್ಣ ಕೂಸು. ನಮ್ಮಾಕಿ ತನ್ನ ಬುಂದಿ ತಗದು ಆ ಕೂಸಿನ ತಾಟಿಗಿ ಹಾಕಿ, ಏನೋ ಹೇಳಿ, ತಲಿ ಹಿಂದಕ್ಕ ಒಗದು ನಕ್ಕಳು. ಅಷ್ಟು ದೊಡ್ಡ ನಗಿ ಅಕಿ ಬಾಯಾಗ ಇತ್ತು ಅಂತ ನನಗ ಗೊತ್ತಿರಲಿಲ್ಲ.

ನಾ ಹುಡುಗನ್ನ ಹುಡುಕಿದೆ. ಮುಂದ ನೋಡಿದೆ, ಹಿಂದ ನೋಡಿದೆ. ಯಾರೂ ಇಲ್ಲ. ಅಲ್ಲಿಗಿ ನಾ ಹೊಳ್ಳಬೇಕಾಗಿತ್ತು. ಹುಡುಗ ಇಲ್ಲ ಅಂದ್ರ ಸಮಾಧಾನ ಆಗಬೇಕು, ಹೌದಲ್ಲೋ? ನನಗ ಸಿಟ್ಟು ಇನ್ನೂ ಏರಿತು. ಇಷ್ಟು ದೂರ ಸಿಟ್ಟು ಹೊತಗೊಂಡು ಬಂದೀನಿ, ಅದನ್ನ ಯಾರ ತಲಿ ಮ್ಯಾಲಾರ ಇಳಸಬೇಕು. ಕುರನೂರದ ನಮ್ಮ ಮನೆತನದವರು ಸುಗ್ಗಿ ಆದ ಮ್ಯಾಲ ಪ್ರತಿ ವರ್ಷ ಇಲ್ಲಿಗಿ ಜ್ವಾಳದ ಚೀಲ ಕಳಸತಿದ್ರು. ಕೊಡವರು ಪಂಗತಿಯೊಳಗ ಕೂಡಬಾರದು ಅಂತ ಮಾವ ಕೈ ಮುಗದು ಹೊರಗಿಂದ ಹೊರಗ ಬರ್ತಿದ್ದ. ಆ ಮನಿ ಹೋಗಿ, ಹೊಲ ಹೋಗಿ, ಚೀಲ ಹೋಗಿ ಎಷ್ಟ ವರ್ಷ ಆತು. ಸೊಕ್ಕು ಮಾತ್ರ ನನ್ನ ಸಂಗಾಟ ಸೋಲಾಪುರಕ್ಕ ಬಂದಿತ್ತು.

ಹೋಗಿ ಅಕಿ ರಟ್ಟಿ ಹಿಡದೆ.

"ಏನ್ ಮಾಡಾಕತ್ತಿ ಇಲ್ಲಿ?"

ಅಕಿ ಮುಖ ಬಿಳಿಚಿತು. "ಉಣ್ಣಾಕತ್ತೀನಿ ಆಯಿ."

"ಮನ್ಯಾಗ ರೊಟ್ಟಿ ಇಲ್ಲೇನು ನಿನಗ? ಭಿಕ್ಷಾ ಬೇಡವರ ಹಂಗ ವಾರಾ ವಾರಾ ಬಂದು ಕೂಡ್ತಿ? ನಾವು ಇಲ್ಲಿ ಚೀಲ ಕೊಟ್ಟ ಮಂದಿ, ತಾಟು ಹಿಡಿಯೂ ಮಂದಿ ಅಲ್ಲ!"

ಪಂಗತಿ ಪೂರಾ ಕೈ ನಿಲ್ಲಿಸಿತು. ದಪ್ಪನ್ನ ಹೆಣ್ಮಗಳು, "ಯಮ್ಮಾ, ಪ್ರಸಾದ ಅದರಿ ಇದು. ಉಣ್ಣೂ ಕೂಸಿನ್ನ ಎಬ್ಬಸಬ್ಯಾಡ್ರಿ," ಅಂದ್ಲು.

"ನಿಮಗ ಪ್ರಸಾದ, ನಮಗ ನಾಚಿಕಿ," ಅಂದೆ. ಅಂದದ್ದು ಅಕಿಗಿ ಒಬ್ಬಾಕಿಗಿ ಅಲ್ಲ. ಅಲ್ಲಿ ಕುಂತವರಿಗೆಲ್ಲ ಬಡೀತು. ಒಬ್ಬ ಮುದುಕ ತನ್ನ ತಾಟಿನ ಕಡೆ ನೋಡಿದ. ಆ ಮುದುಕ ನನ್ನ ಕನಸಿನ್ಯಾಗ ಬರಂಗಿಲ್ಲ, ಎಚ್ಚರ ಇದ್ದಾಗs ಬರ್ತಾನ.

ಕೈ ತೊಳಕೊಳ್ಳಾಕೂ ಬಿಡಲಿಲ್ಲ ನಾನು. ಬಸ್ಸಿನ್ಯಾಗ ಅಕಿ ಎಂಜಲಗೈ ತೊಡಿ ಮ್ಯಾಲ ಬಿಚ್ಚಿ ಇಟ್ಕೊಂಡು ಕುಂತಳು. ಅನ್ನದ ಅಗಳು ಬೆಟ್ಟಿಗಿ ಒಣಗಿ ಹತ್ತಿತ್ತು. ಸೋಲಾಪುರ ಬರೂ ತನಕ ಆ ಕೈ ಹಂಗs. ಇಳದ ಮ್ಯಾಲ ನಾ ಮತ್ತ ಕೇಳಿದೆ, ಬಿಡಲಿಲ್ಲ ಅಂತೀನಿ: "ಖರೆ ಹೇಳು, ಯಾರ ಅದಾರ ಅಲ್ಲಿ ನಿನಗ?"

"ಯಾರೂ ಇಲ್ಲ ಆಯಿ," ಅಂದ್ಲು. ಜೋರು ಮಾಡಲಿಲ್ಲ, ಅಳಲಿಲ್ಲ. "ಎಲ್ಲೂ ಯಾರೂ ಇಲ್ಲ. ಅದಕ್ಕs ಅಲ್ಲಿಗಿ ಹೋಗ್ತಿದ್ದೆ. ಅಲ್ಲಿ ಯಾರಾರ ಬಾಜೂಕ ಕೂಡ್ತಾರ."

ನಳದ ಹಂತ್ಯಾಕ ಹೋಗಿ ಕೈ ತೊಳಕೊಂಡ್ಲು.

ಅದಾದ ಮ್ಯಾಲಿನ ಗುರುವಾರ ಅಕಿ ಹೋಗಲಿಲ್ಲ. ಅದರ ಮುಂದಿಂದೂ ಇಲ್ಲ. ಸುಟ್ಟಿ ದಿನಾ ಗ್ವಾಡಿಗಿ ಮುಖ ಮಾಡಿ ಮಲಗತಿದ್ಲು. ಮೊಬೈಲೂ ಕೇಳಲಿಲ್ಲ. ನಾನs ಕಪಾಟಿನಿಂದ ತಗದು ಕೊಟ್ರ, "ಬ್ಯಾಡ," ಅಂದ್ಲು. ತಾಟಿನ ಮುಂದ ಕುಂತ ಅಕಿ ಬೆನ್ನ ನೋಡ್ಕೋತ ಕುಂತೆ. ಆವಾಗ ತಿಳೀತು, ನಾ ಈಗ ಅತ್ತಿ ಕುಂತ ಜಾಗಾದಾಗ ಕುಂತೀನಿ.

ಒಂದಿನ ಕೇಳಿದೆ, "ಕಾರಖಾನ್ಯಾಗ ಗೆಳತ್ಯಾರು ಇಲ್ಲೇನ ನಿನಗ? ಅಷ್ಟು ಹುಡುಗ್ಯಾರ ಅದಾರಲ್ಲ."

"ಮಶೀನ ಆಡೂವಾಗ ಮಾತು ಕೇಳಂಗಿಲ್ಲ. ಡಬ್ಬಿ ಹೊತ್ತಿಗಿ ಎಲ್ಲಾರೂ ಕೂಡಿ ಕೂಡ್ತಾರ, ಒಬ್ಬರದೊಬ್ಬರು ತಿಂತಾರ. ನೀ ಬ್ಯಾಡ ಅಂದಿದ್ದೆಲ್ಲ ಆಯಿ. ನಾ ಮಶೀನಿನ ಹಂತ್ಯಾಕ ಉಣ್ತೀನಿ."

"ನಾಕು ವರ್ಷದಿಂದ?"

"ಹೂಂ. ಮೊದಲಿಗಿ ಕರೀತಿದ್ರು. ಈಗ ಕರಿಯಂಗಿಲ್ಲ. ಸೊಕ್ಕಿನಾಕಿ ಅಂತಾರಂತ. ನನಗ ತೆಲುಗು ಈಗ ಅಷ್ಟು ತಿಳೀತದ."

ಅಕಿ ಬೈದಿದ್ರ ನಾನೂ ಬೈತಿದ್ದೆ, ಬೈದು ಹಗುರ ಆಗ್ತಿದ್ದೆ. ಅಕಿ ಬೈಯಲಿಲ್ಲ. ಯಾವ ಲೆಕ್ಕದಾಗ ನೋಡಿದ್ರೂ ಈ ಹುಡುಗಿನ್ನ ಒಂಟಿ ಮಾಡಾಕ ಊರು ಬೇಕಾಗಿರಲಿಲ್ಲ, ಗಿರಣಿ ಬಂದ್ ಬೀಳೂದು ಬೇಕಾಗಿರಲಿಲ್ಲ, ಅಪ್ಪ ಬಿಟ್ಟು ಹೋಗೂದೂ ಬೇಕಾಗಿರಲಿಲ್ಲ. ನಾ ಒಬ್ಬಾಕಿ ಸಾಕಿದ್ದೆ. ಆದ್ರೂ ಅಕಿ ಹೆಂಗೋ ಒಂದು ಕಿಂಡಿ ಹುಡುಕಿದ್ಲು. ಅದಕ್ಕೂ ನಾನs ಹೋಗಿ ಮಣ್ಣು ಮೆತ್ತಿ ಬಂದೆ.

"ಈ ಗುರುವಾರ ಹೋಗೂಣು ನಡಿ, ನಾನೂ ಬರ್ತೀನಿ," ಅಂದೆ.

"ನೀ ಬ್ಯಾಡ," ಅಂದ್ಲು. "ನಾನೂ ಹೋಗಂಗಿಲ್ಲ. ಅಲ್ಲಿ ಮಂದಿಗಿ ನಾ ಬ್ಯಾರೇನ ಹೇಳಿದ್ದೆ. ಈಗ ಯಾವ ಮುಖ ತಗೊಂಡು ಹೋಗಲಿ?"

ಏನ್ ಹೇಳಿದ್ದಿ ಅಂತ ಕೇಳಿದ್ರ ಹೇಳಲಿಲ್ಲ. ಹಂಗಾಗಿ ನಾ ಒಬ್ಬಾಕೀನ ಹೋದೆ. ಅಕಿಗಿ ಹೇಳದs ಹೋದೆ.

ಈ ಸಲ ಬಾಗಲದಾಗ ನಿಂತು ಹೊಳ್ಳೂ ಹಂಗಿರಲಿಲ್ಲ. ಪಾಳಿ ಹಚ್ಚಿದೆ, ಒಳಗ ಹೋದೆ, ಪಂಗತಿಯೊಳಗ ಕುಂತೆ. ನನ್ನ ಜನ್ಮದಾಗ ಮೊದಲನೇ ಸಲ ಆ ಅನ್ನಕ್ಕ ಕೈ ಹಚ್ಚಿದ್ದು. ಮುಖ ಎಲ್ಲಿ ಇಡಬೇಕು ತಿಳೀಲಿಲ್ಲ. ಎದುರಿಗಿ ಮಂದಿ, ಆಜೂಬಾಜೂ ಮಂದಿ, ಎಲ್ಲಾರ ಬಾಯಿ ಎಲ್ಲಾರಿಗೂ ಕಾಣ್ತದ. ಸೆರಗು ಅಡ್ಡ ಹಿಡದು ಒಂದು ತುತ್ತು ಹಾಕ್ಕೊಂಡೆ. ಬಾಜೂಕಿದ್ದ ಕಾಲೇಜ್ ಹುಡುಗ ಒಬ್ಬ, "ಆಜೀ, ಮಠ್ಠಾ ಪಾಹಿಜೇ ಕಾ?" ಅಂತ ಮರಾಠಿಯೊಳಗ ಕೇಳಿದ. ಮಜ್ಜಗಿ ಬೇಕೇನು ಅಂತ ಯಾರಾರ ಊಟದಾಗ ನನಗ ಕೇಳಿ ಎಷ್ಟು ವರ್ಷ ಆಗಿತ್ತೋ. ಕೇಳಿದ್ರೋ ಇಲ್ಲೋ ಯಾವತ್ತಾರ. ಹೂಂ ಅಂದೆ. ನನ್ನ ದನಿ ಮೊಮ್ಮಗಳ ದನಿ ಹಂಗs ಕೇಳಿಸ್ತು.

ಪಲ್ಲೆ ನೀಡಾಕ ಬಂದಾಕಿ ಅಲ್ಲೀ ಊರಿನ ಹೆಣ್ಮಗಳು, ಟೊಂಕಕ್ಕ ಸೆರಗು ಸಿಗಿಸಿದ್ಲು. ಗುರುವಾರ ಸೇವಾ ಮಾಡಾಕ ಬರೂ ಪೈಕಿ. ಅಕಿಗಿ ಕೇಳಿದೆ:

"ಯವ್ವಾ, ಸೋಲಾಪುರದಿಂದ ಒಂದು ಹುಡುಗಿ ಬರ್ತಿತ್ತಲ್ಲ, ಎಣ್ಣಿಗೆಂಪು, ಎಡಗೈ ಬೆಟ್ಟಿಗಿ ಸೂಜಿ ಗಾಯ?"

"ಅಯ್ಯ, ಹೌದ್ರಿ! ನಾಕು ವಾರ ಆತು ಕಾಣ್ವಲ್ದು. ಯಾವಳೋ ಒಬ್ಬಾಕಿ ಮುದುಕಿ ಬಂದು ದರಾದರಾ ಎಳಕೊಂಡು ಹೋದ್ಲಂತ. ನಾ ಅವತ್ತು ಒಳಗ ಕಾಯಿಪಲ್ಲೆ ಹೆಚ್ಚಾಕತ್ತಿದ್ದೆ. ನಾ ಇದ್ದಿದ್ರ ಆ ಮುದುಕಿಗಿ ಬಕೀಟಿನಿಂದs ಬಡೀತಿದ್ದೆ."

"ಆ ಮುದುಕಿ ನಾನs," ಅಂದೆ.

ಅಕಿ ಸೌಟು ಹಿಡದ ಕೈ ಅಲ್ಲೇ ನಿಂತಿತು. ಬೈತಾಳ ಅಂತ ಕಾದೆ, ಬೈಯಲಿ ಅಂತs ಬಂದಿದ್ದೆ. ಅಕಿ ನನ್ನ ತಾಟಿಗಿ ಪಲ್ಲೆ ಹಾಕಿದ್ಲು.

"ನೀವೇನ್ರಿ ಆಯಿ ಅಂದ್ರ? ನಿಮ್ಮ ಕತಿ ಭಾಳ ಹೇಳ್ತಿತ್ರಿ ಹುಡುಗಿ. ಮನ್ಯಾಗ ಹತ್ತು ಮಂದಿ ಅದೀವಿ, ಉಣ್ಣಾಕ ಕುಂತ್ರ ಕಾಲು ಚಾಚಾಕ ಜಾಗಾ ಇರಂಗಿಲ್ಲ, ಎಲ್ಲಾರ ನಡುವ ನಮ್ಮ ಆಯಿ ಕುಂತು ಕುರನೂರದ ಕತಿ ಹೇಳಿ ಹೇಳಿ ನಗಸ್ತಾಳ, ನಕ್ಕು ನಕ್ಕು ಅನ್ನ ನೆತ್ತಿಗಿ ಏರ್ತದ ಅಂತಿತ್ತು. ಮನ್ಯಾಗ ಭಾಳ ಗದ್ದಲ, ಅದಕ್ಕ ವಾರಕ್ಕೊಮ್ಮೆ ಇಲ್ಲಿ ಶಾಂತ ಉಣ್ಣಾಕ ಬರ್ತೀನಿ ಅಂತಿತ್ತು. ಹೌದೇನ್ರಿ?"

ನಾ ಸುಳ್ಳು ಹೇಳಾಕಿ ಅಲ್ಲ. ನನ್ನ ಬಾಯಿ ಕಟು ಅಂತ ಕುರನೂರದಿಂದ ಭಿವಂಡಿ ತನಕ ಎಲ್ಲಾರಿಗೂ ಗೊತ್ತು. ಖರೆ ಹೇಳೂದರಾಗ ನನಗ ಒಂದು ನಮೂನಿ ರುಚಿ ಅದ. ಆದ್ರ ಅವತ್ತು ಖರೆ ಹೇಳಿದ್ರ ಆ ಹುಡುಗಿಗಿ ಇಲ್ಲಿಗಿ ಬರೂ ಹಾದಿ ಕಾಯಂ ಮುಚ್ಚತಿತ್ತು.

"ಹೌದ್ರಿ," ಅಂದೆ. "ಹತ್ತು ಮಂದಿ. ಭಾಳ ಗದ್ದಲ."

"ಮತ್ತ ಅವತ್ತು ಯಾಕ ಎಳಕೊಂಡು ಹೋದ್ರಿ?"

"ಅವತ್ತು ಅಕಿ ಇಲ್ಲದs ನಮಗ ಯಾರಿಗೂ ಊಟ ಹೋಗಲಿಲ್ಲ," ಅಂದೆ. ಇದು ಎಷ್ಟು ಸುಳ್ಳು, ಎಷ್ಟು ಖರೆ, ನನಗ ಇನ್ನೂ ಬಗೀಹರಿದಿಲ್ಲ. "ಆದ್ರ ನಾ ಅಂದ ಮಾತು ತಪ್ಪು. ಇಲ್ಲಿ ಕುಂತವರಿಗೆಲ್ಲ ಅಂದೆ. ಅವರು ಯಾರೂ ಇವತ್ತು ಇಲ್ಲ, ನೀ ಅದೀಯ. ನಿನಗ ಹೇಳೀನಿ."

"ಹುಡುಗಿನ್ನ ಕಳಸ್ರಿ," ಅಂದ್ಲು. ಬಕೀಟು ಎತ್ತಿಕೊಂಡು ಮುಂದಿನವರಿಗಿ ನೀಡಾಕ ಹೋದ್ಲು.

ಮನಿಗಿ ಬಂದಾಗ ಮೊಮ್ಮಗಳು ಪರಾತದಾಗ ಹಿಟ್ಟು ನಾದಾಕತ್ತಿದ್ಲು. ನಾ ಕಾಲು ತೊಳಕೊಂಡು ಬಂದು ನೆಟ್ಟಗs ಹೇಳಿದೆ: "ಅಕ್ಕಲಕೋಟಕ್ಕ ಹೋಗಿದ್ದೆ. ಪಂಗತಿಯೊಳಗ ಕುಂತು ಉಂಡೆ. ಪಲ್ಲೆ ನೀಡಾಕಿ ಕೇಳಿದ್ಲು, ಮನ್ಯಾಗ ಹತ್ತು ಮಂದಿ ಹೌದೇನು ಅಂತ. ಹೌದು ಅಂದೀನಿ."

ಅಕಿ ಕೈ ನಿಂತಿತು. ಕಿವಿ ಕೆಂಪಾದವು. ನಾಚಿದ್ದು ಅಕಿ. ನಾಚಬೇಕಾದಾಕಿ ನಾನು. ಆದ್ರ ಸುಳ್ಳು ಸಿಕ್ಕಿಬಿತ್ತು ಅಂತ ನಾಚಾಕತ್ತಿದ್ದು ಆ ಹುಡುಗಿ. ಅದನ್ನ ನೋಡೂದು ನನಗ ಆಗಲಿಲ್ಲ, ಒಲಿ ಕಡೆ ತಿರಗಿ ಸುಮ್ಮಸುಮ್ಮನ ಹೆಂಚು ಒರಿಸಿದೆ.

ಹಿಂದಿನಿಂದ ದನಿ ಬಂತು. "ಒಬ್ಬಾಕಿಗಿ ಹತ್ತು ಹೇಳಿದ್ದೆ. ಇನ್ನೊಬ್ಬಾಕಿಗಿ ಏಳು. ಕೇಳಿದ್ರ ಸಂಭಾಳಸು."

"ಮೂರು ಮಂದಿ ಜಾತ್ರಿಗಿ ಹೋಗ್ಯಾರ ಅಂತೀನಿ."

ನಗಲಿಲ್ಲ. ಮೂಗಿನ್ಯಾಗ ಒಂದು ಉಸಿರು ಬಿಟ್ಲು, ಅಷ್ಟs. ಆಮ್ಯಾಲ ಅಂದ್ಲು, "ಮುಂದಿನ ಗುರುವಾರ ಹೋಗ್ತೀನಿ. ನೀನೂ ಬರೂದಿದ್ರ ಬಾ. ಆದ್ರ ನನ್ನ ಪಂಗತಿಯೊಳಗ ಕೂಡಬ್ಯಾಡ. ಬ್ಯಾರೆ ಪಂಗತಿಯೊಳಗ ಕೂಡು."

ಈ ಸಲ ಹೂಂ ಅಂದಾಕಿ ನಾನು.

ಅವತ್ತು ರೊಟ್ಟಿ ಆದ ಮ್ಯಾಲ ನಾ ನನ್ನ ತಾಟು ಹಿಡಕೊಂಡು ಗ್ವಾಡಿ ಬಿಟ್ಟು ಈ ಕಡೆ ತಿರಗಿ ಕುಂತೆ. ಅಕಿ ತಿರಗಲಿಲ್ಲ. ಇಷ್ಟು ವರ್ಷ ನಾನs ತಿರುಗಿಸಿ ಇಟ್ಟ ಭುಜ, ಕರದ ಕೂಡಲೇ ಹೊಳ್ಳಂಗಿಲ್ಲ. ಡಬ್ಬಿಗಿ ಎರಡು ರೊಟ್ಟಿ ಹೆಚ್ಚಿಗಿ ಕಟ್ಟಾಕತ್ತೀನಿ. ಡಬ್ಬಿ ಖಾಲಿ ಆಗಿ ಬರ್ತದ. ಅಕಿ ತಿಂತಾಳೋ, ಯಾರಿಗಾರ ಕೊಡ್ತಾಳೋ, ಯಾರರೇ ಕೈ ಹಾಕಿ ತಗೋತಾರೋ, ನಾ ಕೇಳಿಲ್ಲ. ಕೇಳೂ ಹಕ್ಕು ಸದ್ಯಕ್ಕ ನನ್ನ ಹಂತ್ಯಾಕ ಇಲ್ಲ.

ಗುರುವಾರ ಬಸ್ಸಿನ್ಯಾಗ ಅಕಿ ಎರಡು ಸೀಟು ಮುಂದ, ನಾನು ಹಿಂದ. ಅನ್ನಛತ್ರದಾಗ ಅಕಿ ಹೋಗಿ ಒಂದು ಕಡೆ ಕುಂತಳು. ನಾ ಅಕಿ ಹೇಳಿದಂಗ ಬ್ಯಾರೆ ಪಂಗತಿಗಿ ಹೋದೆ. ಅಲ್ಲಿ ಪಂಗತಿಗಳು ಎದುರುಬದುರು ಅಂಬೂದು ಇಬ್ಬರಿಗೂ ಹೊಳದಿರಲಿಲ್ಲ. ತಾಟಿನಿಂದ ತಲಿ ಎತ್ತಿದ್ರ ನನ್ನ ಮೊಮ್ಮಗಳು, ನೆಟ್ಟ ಎದುರಿಗಿ. ಹದಿನೇಳು ವರ್ಷ ಒಂದs ಖೋಲಿಯೊಳಗ ಉಂಡೀವಿ, ಅಕಿ ಅನ್ನ ಹೆಂಗ ಕಲಸ್ತಾಳ, ಯಾವ ಕಡೆ ಅಗೀತಾಳ, ನಾ ಅವತ್ತು ನೋಡಿದೆ.

ಅಕಿ ಬಾಜೂಕಿನ ಯಾರೋ ಅಪರಿಚಿತ ಹೆಣ್ಮಗಳಿಗಿ ಏನೋ ಹೇಳಿ ನನ್ನ ಕಡೆ ಬೆಟ್ಟು ಮಾಡಿದ್ಲು. ಆ ಹೆಣ್ಮಗಳು ನನ್ನ ನೋಡಿ ಭಾಳ ಅಂತಃಕರಣದಿಂದ ನಕ್ಕು, ಎಂಜಲಗೈಲೆ ನಮಸ್ಕಾರ ಮಾಡಿದ್ಲು, ಹತ್ತು ಮಂದಿನ್ನ ನಗಸೂ ಆಯಿ ಅಂದ್ರ ಇಕೀನ ಅನ್ನೂವರ ಹಂಗ. ಮೊಮ್ಮಗಳು ನನ್ನs ನೋಡಾಕತ್ತಿದ್ಲು. ನಾನು ಮುಖ ತಿರಗಸೂಣು ಅಂತ ನೋಡಿದ್ರ ಅಲ್ಲಿ ಗ್ವಾಡಿ ಇರಲಿಲ್ಲ.